32 ಜನ ಸಿಗುವುದಿಲ್ಲವೇ?

ಮಾನ್ಯರೇ,

ಡಲ್ಲಾಸ್‌ನ ಮಗಳ ಮನೆಯಿಂದ ನೀವು ಬರೆದ ಪತ್ರ ತಲುಪಿತು. ಮೊಮ್ಮಗನ ಜೊತೆ ಕೂತು ಟೀವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುವುದು ರೂಢಿಯಾಗಿದೆ ಎಂದಿದ್ದೀರಿ. ‘ಇಷ್ಟೊಂದು ಕಾಲೇಜು ತಂಡಗಳಿರುವ ದೇಶದಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳಿಗೆ, ಆಟ ನಡೆಸಿ ಚೆಂಡು ಎಸೆಯುವ 32 ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳು ಸಿಗುವುದಿಲ್ಲವೇ? ಹನ್ನೆರಡರ ಹುಡುಗನಲ್ಲಿ ಆ ಗುಣ ಇದೆಯೋ ಇಲ್ಲವೋ ಹೇಳಲಾದೀತೇ?’ ಎಂದು ಕೇಳಿದ್ದೀರಿ.

ಸಿಗುವುದಿಲ್ಲ, ನಿಜ. ಆದರೆ ಅದು ಬರೀ ಹುಡುಗರ ಕೊರತೆಯಲ್ಲ. ಆರಿಸುವವರು ಅಳೆಯುವುದು ಒಂದು, ಆಟ ಕೇಳುವುದು ಇನ್ನೊಂದು. ಆರಿಸಿದ ಮೇಲೆ ಕಾಯುವ ವ್ಯವಧಾನವೂ ಅವರಿಗಿಲ್ಲ.

ಮುಂದಿನ ಸಲ ಚೆಂಡಿನ ಮೇಲಿನ ಕಣ್ಣು ತೆಗೆದು ಕ್ವಾರ್ಟರ್‌ಬ್ಯಾಕ್‌ನನ್ನೇ ನೋಡಿ. ಚೆಂಡು ಕೈಗೆ ಬಂದೊಡನೆ ಮೂರೋ ಐದೋ ಹೆಜ್ಜೆ ಹಿಂದಕ್ಕೆ. ಆನೆಯಂಥ ನಾಲ್ವರು ಮೈಮೇಲೆ ನುಗ್ಗುತ್ತಿರುತ್ತಾರೆ. ಅವರತ್ತ ನೋಡಿದನೋ, ಕೆಟ್ಟ. ಅವನ ಕಣ್ಣು ಇರಬೇಕಾದದ್ದು ದೂರದಲ್ಲಿ ನಿಂತ ಸೇಫ್ಟಿ, ಅಂದರೆ ಎದುರಾಳಿಯ ಕೊನೆಯ ಕಾವಲುಗಾರ, ಎಡಕ್ಕೆ ವಾಲಿದನೋ ಬಲಕ್ಕೋ ಎಂಬುದರ ಮೇಲೆ. ಚೆಂಡು ಹಿಡಿಯಲು ಓಡುತ್ತಿರುವ ರಿಸೀವರ್ ಇನ್ನೂ ಬೆನ್ನು ತೋರಿಸುತ್ತಿರುವಾಗಲೇ, ಅವನು ಬಂದು ತಿರುಗಲಿರುವ ಖಾಲಿ ಜಾಗಕ್ಕೆ ಚೆಂಡು ಹೊರಟುಬಿಡಬೇಕು. ಇಷ್ಟಕ್ಕೆಲ್ಲ ಸಿಗುವುದು ಹೆಚ್ಚೂಕಡಿಮೆ ಮೂರು ಸೆಕೆಂಡು.

ಇದನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ. ಹಾಗಾಗಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿಗೆ ಮೊದಲು ಅಳೆಯಲಾಗುವುದನ್ನು ಅಳೆಯುತ್ತಾರೆ: ಎತ್ತರ, ತೂಕ, ಅಂಗೈ ಅಗಲ, 40 ಗಜದ ಓಟ. ಆ ಓಟಕ್ಕೆ 5.28 ಸೆಕೆಂಡು ತೆಗೆದುಕೊಂಡ ಟಾಮ್ ಬ್ರೇಡಿಯವರನ್ನು 2000ದಲ್ಲಿ ಆರಿಸಿದ್ದು 199ನೆಯವರಾಗಿ. ಅವರಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಬ್ರೇಡಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದರು. 2007ರಲ್ಲಿ ತೋಳಿನ ಬಲಕ್ಕೆ ಹೆಸರಾಗಿದ್ದ ಜಮಾರ್ಕಸ್ ರಸೆಲ್ ಮೊದಲನೆಯವರಾಗಿಯೇ ಆಯ್ಕೆಯಾದರು. ಮೂರೇ ಸೀಸನ್‌ಗೆ ಅವರ ಆಟ ಮುಗಿಯಿತು. ಕಾಲೇಜಿನ ಆಟ ನೋಡಿ ಅಳೆಯೋಣವೆಂದರೆ, ಅಲ್ಲಿ ಎಷ್ಟೋ ಸಲ ರಿಸೀವರ್ ಸುತ್ತ ಯಾರೂ ಇರುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಅಂಥ ಪುಣ್ಯ ಅಪರೂಪ.

ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದ ಕಥೆಯೊಂದೇ ಸಾಕು. 2021ರಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ಗಾಗಿ ಡ್ರಾಫ್ಟಿನ ಸರದಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿದರು. ಅದಕ್ಕೆ ಕೊಟ್ಟ ಬೆಲೆ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳು, ಮೇಲೊಂದು ಮೂರನೇ ಸುತ್ತಿನದು. ಲ್ಯಾನ್ಸ್ ಆ ತಂಡದ ಪರ ಆರಂಭದಿಂದಲೇ ಕಣಕ್ಕಿಳಿದದ್ದು ನಾಲ್ಕೇ ಪಂದ್ಯಗಳಲ್ಲಿ. 2022ರಲ್ಲಿ ಕಣಕಾಲು ಮುರಿಯಿತು. ಡಿಸೆಂಬರ್‌ನಲ್ಲಿ ಅವರ ಜಾಗದಲ್ಲಿದ್ದ ಜಿಮ್ಮಿ ಗರೋಪೊಲೊ ಪಾದವೂ ಮುರಿಯಿತು. ಬೇರೆ ದಾರಿಯಿಲ್ಲದೆ ಆ ವರ್ಷದ ಡ್ರಾಫ್ಟಿನ ಕಟ್ಟಕಡೆಯ ಆಯ್ಕೆ, 262ನೆಯವರಾದ ಬ್ರಾಕ್ ಪರ್ಡಿಯವರನ್ನು ಇಳಿಸಿದರು. ಮರುಸೀಸನ್‌ನಲ್ಲಿ ತಂಡ ಸೂಪರ್ ಬೌಲ್ ಮುಟ್ಟಿತು. 2025ರಲ್ಲಿ ಅದೇ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ. ಆ ಎರಡು ಮೂಳೆ ಮುರಿಯದಿದ್ದರೆ ಪರ್ಡಿಯವರೂ ‘ಸಿಗದವರ’ ಲೆಕ್ಕಕ್ಕೇ ಸೇರುತ್ತಿದ್ದರೇನೋ ಎಂದು ನೆನೆದಾಗ ನನಗೆ ಸಂಕಟವಾಗುತ್ತದೆ. ಲ್ಯಾನ್ಸ್ ಬಗ್ಗೆಯೂ ಅಷ್ಟೇ. ನಾಲ್ಕು ಪಂದ್ಯ ನೋಡಿ ಯಾರ ಯೋಗ್ಯತೆಯನ್ನು ತೀರ್ಮಾನಿಸಲಾದೀತು?

ಕಾದವರಿಗೆ ಸಿಕ್ಕಿದ್ದೂ ಉಂಟು. 2017ರಲ್ಲಿ ಹತ್ತನೆಯವರಾಗಿ ಬಂದ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಕ್ಯಾನ್ಸಸ್ ಸಿಟಿ ತಂಡ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ ಕಲಿಸಿತು. ಆಡಿಸಿದ್ದು ಒಂದೇ ಪಂದ್ಯ. ಮರುವರ್ಷವೇ ಅವರು ಲೀಗಿನ ಅತ್ಯುತ್ತಮ ಆಟಗಾರ. ಅದೇ 2018ರಲ್ಲಿ ನ್ಯೂಯಾರ್ಕ್ ಜೆಟ್ಸ್ ಆರಿಸಿದ ಸ್ಯಾಮ್ ಡಾರ್ನಲ್ಡ್ ಮೊದಲ ಪಂದ್ಯದಿಂದಲೇ ಕಣದಲ್ಲಿ. ಮೂರು ವರ್ಷದಲ್ಲಿ ಇಬ್ಬರು ಕೋಚ್‌ಗಳನ್ನು ಕಂಡು, ಕೈಲಾಗದವರೆಂಬ ಹಣೆಪಟ್ಟಿ ಹೊತ್ತು ಹೊರಬಿದ್ದರು. 2024ರಲ್ಲಿ ಮಿನೆಸೋಟ ತಂಡಕ್ಕೆ 14 ಪಂದ್ಯ ಗೆಲ್ಲಿಸಿಕೊಟ್ಟವರು ಇದೇ ಡಾರ್ನಲ್ಡ್.

ಇನ್ನು ನಿಮ್ಮ ಮೊಮ್ಮಗ. ಇಪ್ಪತ್ತೆರಡರ ಯುವಕರ ವಿಷಯದಲ್ಲೇ ತಜ್ಞರು ಇಷ್ಟು ಎಡವುವಾಗ ಹನ್ನೆರಡರ ಹುಡುಗನ ಬಗ್ಗೆ ನಾನೇನು ಹೇಳಲಿ? ಹಿತ್ತಿಲಲ್ಲಿ ಎಷ್ಟು ದೂರ ಎಸೆದ ಎಂದು ಅಳೆಯಬೇಡಿ. ಆಟ ನೋಡುವಾಗ ಟೀವಿ ನಿಲ್ಲಿಸಿ, ‘ಆ ಸೇಫ್ಟಿ ಈಗ ಯಾವ ಕಡೆ ಹೋಗ್ತಾನೋ ಪುಟ್ಟಾ?’ ಅಂತ ಕೇಳಿ. ಉತ್ತರ ಏನು ಬಂತೆಂದು ನನಗೂ ಬರೆಯಿರಿ.

– ಸಂಪಾದಕ