‘ಆಯ್ತು ಸರ್’ ಅಂದರೆ ಮುಗಿಯಿತು ಅಂತಲಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸಂಬಳದ ಜಗಳವಲ್ಲ, ಬೇರೆ ದೇಶದವರ ಜೊತೆ ಏಗುವ ಕಷ್ಟ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ನನ್ನ ಕೆಳಗೆ ಇಲ್ಲಿ ಏಳು ಜನ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ಜನ. ಹೋದ ತಿಂಗಳು ಅಲ್ಲಿಯವರೊಬ್ಬರು ಮೀಟಿಂಗ್‌ನಲ್ಲಿ ಎಲ್ಲರ ಎದುರು, ‘ಬೆಂಗಳೂರಿನವರು ಎಲ್ಲದಕ್ಕೂ ಯೆಸ್ ಅನ್ನುತ್ತಾರೆ, ಶುಕ್ರವಾರ ನೋಡಿದರೆ ಕೆಲಸ ಆಗಿರುವುದಿಲ್ಲ’ ಅಂದುಬಿಟ್ಟರು. ನಮ್ಮ ಹುಡುಗರಿಗೆ ಅವಮಾನ ಆಗಿದೆ. ಈಗ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತಾರೆ. ಎಚ್‌ಆರ್‌ನವರು ನನ್ನನ್ನು ‘ಗ್ಲೋಬಲ್ ಮೈಂಡ್‌ಸೆಟ್’ ಟ್ರೈನಿಂಗ್‌ಗೆ ಕಳಿಸಿದರು. ಅಲ್ಲಿ ಕೈ ಕುಲುಕುವುದು ಹೇಗೆ, ವಿಸಿಟಿಂಗ್ ಕಾರ್ಡ್ ಕೊಡುವುದು ಹೇಗೆ ಅಂತ ಹೇಳಿಕೊಟ್ಟರು. ಏನು ಮಾಡಲಿ?
— ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಕೈ ಕುಲುಕುವುದು ಬಿಡಿ, ವಿಡಿಯೋ ಕಾಲ್‌ನಲ್ಲಿ ಯಾರ ಕೈ ಯಾರಿಗೆ ಸಿಗುತ್ತದೆ!

ಜರ್ಮನಿಯವರನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ನಮ್ಮ ಮಾತನ್ನೇ ಹೊರಗಿನವರ ಹಾಗೆ ನಿಂತು ಕೇಳಿ. ಇನ್ನೂ ಸ್ನಾನಕ್ಕೇ ಹೋಗದವನು ಫೋನ್‌ನಲ್ಲಿ ‘ಹೊರಟೆ ಮಾರಾಯ’ ಅನ್ನುತ್ತಾನೆ. ಹೋಟೆಲ್‌ನಲ್ಲಿ ‘ಬಂತು ಸಾರ್, ಬಂತು’ ಅನ್ನುವಾಗ ದೋಸೆ ಇನ್ನೂ ಹಿಟ್ಟಿನ ಪಾತ್ರೆಯಲ್ಲೇ ಇರುತ್ತದೆ. ಟೈಲರ್ ಹತ್ತಿರ ಹೋದರೆ ‘ಮುಗೀತು ಮೇಡಂ, ಗುಂಡಿ ಒಂದು ಬಾಕಿ’. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇನ್ನು ‘ಆಯ್ತು’ ಅನ್ನುವ ಪದ ತಗೊಳ್ಳಿ. ಕೆಲಸ ಮುಗಿದರೂ ಆಯ್ತು, ಕೆಲಸ ಒಪ್ಪಿಕೊಂಡರೂ ಆಯ್ತು, ಎದುರಿಗಿರುವವರ ಮಾತು ಸಾಕಪ್ಪಾ ಅನ್ನಿಸಿದರೂ ಆಯ್ತು. ಮೂರರಲ್ಲಿ ಯಾವುದು ಅಂತ ನಾವು ಮುಖ ನೋಡಿ, ಧ್ವನಿ ಕೇಳಿ ತಿಳಿದುಕೊಳ್ಳುತ್ತೇವೆ. ಈಗ ಇದೇ ಅಭ್ಯಾಸ ಇಂಗ್ಲಿಷ್ ಅಂಗಿ ತೊಟ್ಟುಕೊಂಡು ‘ಯೆಸ್, ಡನ್’ ಅಂತ ಸ್ಟುಟ್‌ಗಾರ್ಟ್‌ಗೆ ಹೋಗಿದೆ, ಅಲ್ಲಿ ಆ ಮನುಷ್ಯ ಅದನ್ನು ಅಕ್ಷರಶಃ ನಂಬಿ ಮುಂದಿನ ವಾರದ ಕೆಲಸ ಹಂಚಿಬಿಟ್ಟಿದ್ದಾರೆ. ಅಷ್ಟೇ ಆಗಿರುವುದು.

ನನಗೂ ಈ ಪೆಟ್ಟು ಬಿದ್ದಿದೆ. ಸುಮಾರು ಮೂವತ್ತು ವರ್ಷದ ಹಿಂದೆ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ, ಜರ್ಮನ್ ಎಂಜಿನಿಯರ್ ಒಬ್ಬರು ಬಂದಿದ್ದರು. ಗುರುವಾರ ಸಂಜೆ ‘ಆಲ್‌ಮೋಸ್ಟ್ ಡನ್’ ಅಂದೆ. ಅವರು ಶುಕ್ರವಾರ ಬೆಳಿಗ್ಗೆಗೆ ಲಾರಿ ಕರೆಸಿದರು. ಲಾರಿ ಶನಿವಾರ ಸಂಜೆಯವರೆಗೆ ಗೇಟ್ ಹತ್ತಿರ ನಿಂತಿತ್ತು. ಬೈಯಲಿಲ್ಲ. ‘ಎಷ್ಟು ಬಾಕಿ ಇದೆ ಅಂತ ಗುರುವಾರವೇ ಗೊತ್ತಿತ್ತಾ?’ ಅಂದರು. ಗೊತ್ತಿತ್ತು ಅಂದೆ. ‘ಮತ್ತೆ ಯಾಕೆ ಹೇಳಲಿಲ್ಲ?’ ಅಂದರು. ನೀವು ಕೇಳಲಿಲ್ಲವಲ್ಲ ಅನ್ನುವುದು ಬಾಯಿ ತನಕ ಬಂದಿತ್ತು, ನುಂಗಿಕೊಂಡೆ.

ಹೇಳದೆ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡವರಿಗೆ ಮುಖದ ಮೇಲೆ ‘ಆಗಲ್ಲ’ ಅನ್ನಬಾರದು ಅಂತಲೇ ನಾವು ಬೆಳೆದಿರುವುದು. ‘ನೋಡೋಣ’ ಅಂದರೆ ಇಲ್ಲ ಅಂತಲೇ ಅರ್ಥ, ಅಲ್ವಾ? ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂತ ಕೂಡ ಅನ್ನದೆ ‘ಹೋಗಿ ಬರ್ತೀನಿ’ ಅನ್ನುವ ಜನ ನಾವು. ನೆದರ್‌ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್ ಅನ್ನುವ ಸಂಶೋಧಕರು 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ಹಲವು ದೇಶಗಳ ನೌಕರರು ಕೊಟ್ಟ ಉತ್ತರಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದರು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಅನ್ನುವುದನ್ನು ಜನ ಎಷ್ಟರಮಟ್ಟಿಗೆ ಸಹಜ ಅಂತ ಒಪ್ಪಿಕೊಳ್ಳುತ್ತಾರೆ ಅನ್ನುವ ಅಳತೆಯಲ್ಲಿ ಭಾರತಕ್ಕೆ 77, ಜರ್ಮನಿಗೆ 35 ಬಂತು. ನಿಮ್ಮ ಟ್ರೈನಿಂಗ್‌ನಲ್ಲೂ ಈ ಚಾರ್ಟ್ ತೋರಿಸಿರಬಹುದು. ಆದರೆ ಅದು ದೇಶದ ಸರಾಸರಿ, ನಿಮ್ಮ ನಾಲ್ಕು ಜನರ ಜಾತಕ ಅಲ್ಲ. ಆ ನಾಲ್ಕರಲ್ಲಿ ಒಬ್ಬರು ಇಸ್ತಾಂಬುಲ್‌ನಲ್ಲಿ ಹುಟ್ಟಿದವರಿರಬಹುದು, ಒಬ್ಬರು ಮಹಾ ನಾಚಿಕೆ ಸ್ವಭಾವದವರಿರಬಹುದು. ಜರ್ಮನ್ ಅಂದರೆ ಹೀಗೆ, ಜಪಾನಿ ಅಂದರೆ ಹಾಗೆ ಅಂತ ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋದವರು ಪಟ್ಟಿಯ ಜೊತೆಗೇ ಮಾತಾಡಿ ವಾಪಸ್ ಬರುತ್ತಾರೆ.

ಈಗ ಮಾಡುವ ಕೆಲಸ. ‘ಶುಕ್ರವಾರಕ್ಕೆ ಆಗುತ್ತಾ?’ ಅಂತ ಕೇಳುವುದನ್ನು ನಿಲ್ಲಿಸಿ. ಆ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ. ‘ಏನೇನು ಬಾಕಿ ಇದೆ, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಯಾವತ್ತಿಗೆ ಮುಗಿಯುತ್ತದೆ’ ಅಂತ ಕೇಳಿ. ‘ಡನ್’ ಅನ್ನುವ ಪದಕ್ಕೆ ಎರಡೂ ಊರಿನವರು ಸೇರಿ ಒಂದೇ ಅರ್ಥ ಇಟ್ಟುಕೊಳ್ಳಿ: ಟೆಸ್ಟ್ ಆಗಿ, ಇನ್ನೊಬ್ಬರು ನೋಡಿ, ಅವರ ಕೈಗೆ ತಲುಪಿದ್ದರೆ ಮಾತ್ರ ಡನ್. ಅದಕ್ಕೆ ಮುಂಚೆ ಎಲ್ಲವೂ ‘ನಡೀತಿದೆ’. ಕೆಲಸ ತಡವಾಗುತ್ತದೆ ಅಂತ ಮಂಗಳವಾರವೇ ಬಂದು ಹೇಳಿದ ಹುಡುಗನಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಿ. ಇದೇ ಕಷ್ಟದ ಭಾಗ, ಯಾಕೆಂದರೆ ಆಗ ಮೊದಲು ಸಿಟ್ಟು ಬರುವುದು ನಿಮಗೇ! ಒಂದು ಸಲ ನೀವು ಮುಖ ಗಂಟು ಹಾಕಿದರೂ ಸಾಕು, ಎಲ್ಲರೂ ಮತ್ತೆ ‘ಆಯ್ತು ಸರ್’ಗೆ ವಾಪಸ್. ಹಾಗೇ ‘ಐ ಹ್ಯಾವ್ ಎ ಡೌಟ್’ ಅನ್ನುವುದನ್ನೂ ಬಿಡಿಸಿ. ನಮಗೆ ಡೌಟ್ ಅಂದರೆ ಪ್ರಶ್ನೆ, ಅವರ ಕಿವಿಗೆ ಅದು ‘ನಿನ್ನ ಮೇಲೆ ನಂಬಿಕೆ ಇಲ್ಲ’ ಅಂದ ಹಾಗೆ.

ಎಲ್ಲರ ಎದುರು ಅಂದುಬಿಟ್ಟರು ಅಂತ ಬರೆದಿದ್ದೀರಿ. ಸ್ಟುಟ್‌ಗಾರ್ಟ್ ಇರುವುದು ಶ್ವಾಬಿಯಾ ಸೀಮೆಯಲ್ಲಿ. ಅಲ್ಲಿಯವರದೇ ಒಂದು ಗಾದೆ ಇದೆ: ಬೈಯದಿದ್ದರೆ ಅದೇ ಹೊಗಳಿಕೆ. ಅಂದರೆ ಅವರು ಸುಮ್ಮನಿದ್ದ ದಿನಗಳಲ್ಲೆಲ್ಲ ನಿಮ್ಮನ್ನು ಹೊಗಳುತ್ತಿದ್ದರು, ನಿಮಗೆ ಕೇಳಿಸಲಿಲ್ಲ! ಕೆಲಸ ಸರಿ ಇಲ್ಲ ಅನ್ನುವುದು ಅವರಿಗೆ ಕೆಲಸದ ಮಾತು, ಮನುಷ್ಯನ ಮಾತಲ್ಲ. ಹಾಗಂತ ನುಂಗಿಕೊಂಡು ಸುಮ್ಮನಿರಬೇಕಾಗಿಲ್ಲ. ಅವರ ಜೊತೆ ಒಬ್ಬರೇ ಕೂತು ಮಾತಾಡಿ. ‘ಕೆಲಸದಲ್ಲಿ ತಪ್ಪಿದ್ದರೆ ಹೇಳಿ, ಆದರೆ ಬೆಂಗಳೂರಿನವರು ಅಂತ ಒಟ್ಟಿಗೆ ಸೇರಿಸಬೇಡಿ, ಮೊದಲು ನನಗೆ ಹೇಳಿ, ಹೀಗೆ ಹೇಳಿದರೆ ನಮ್ಮವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಿಮಗೆ ಇನ್ನೂ ಕಡಿಮೆ ವಿಷಯ ತಿಳಿಯುತ್ತದೆ’ ಅಂತ ನೇರವಾಗಿಯೇ ಹೇಳಿ. ನೇರ ಮಾತು ಅವರಿಗೆ ನೋಯುವುದಿಲ್ಲ. ಈ ಟ್ರೈನಿಂಗ್‌ಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಬದಲಾಗಬೇಕಾದವರು ಯಾವಾಗಲೂ ನಾವೇ ಅನ್ನುವ ಹಾಗೆ ಪಾಠ ನಡೆಯುತ್ತದೆ. ‘ಬೆಂಗಳೂರಿನವರು ಹ್ಞೂಂ ಅಂದರೆ ಮತ್ತೊಂದು ಪ್ರಶ್ನೆ ಕೇಳಿ’ ಅಂತ ಸ್ಟುಟ್‌ಗಾರ್ಟ್‌ನವರಿಗೂ ಯಾರಾದರೂ ಹೇಳಿಕೊಟ್ಟರಾ?

ಗಡಿಯಾರದ ಮಾತೂ ಒಂದಿದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ಅವರ ಬೆಳಿಗ್ಗೆ 10 ಗಂಟೆ ಬೇಸಿಗೆಯಲ್ಲಿ ನಮ್ಮ 1.30, ಚಳಿಗಾಲದಲ್ಲಿ 2.30. ಒಂದು ಕಾಲದಲ್ಲಿ ನಿಮ್ಮವರ ಊಟ ಹಾಳಾಗುತ್ತಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಿ. ಇನ್ನು ಜರ್ಮನಿಯ ಕಾನೂನಿನಲ್ಲಿ ಒಂದು ದಿನದ ಕೆಲಸಕ್ಕೂ ಮುಂದಿನ ದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಇರಬೇಕು. ರಾತ್ರಿ ಫೋನ್ ಎತ್ತಲಿಲ್ಲ ಅಂತ ಅವರನ್ನು ಸೋಮಾರಿ ಅನ್ನಬೇಡಿ. ನಮ್ಮ ಹುಡುಗರು ರಾತ್ರಿ 11ಕ್ಕೂ ಎತ್ತುತ್ತಾರಲ್ಲ, ಅದನ್ನು ನಿಷ್ಠೆ ಅಂತ ಹೊಗಳುವುದನ್ನೂ ಕಡಿಮೆ ಮಾಡಿ.

ಪ್ರಶ್ನೆ: ಬಿಡದಿ ಹತ್ತಿರ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ನಮ್ಮ ಜಪಾನಿ ಸಲಹೆಗಾರರಿಗೆ ಒಂದು ಹೊಸ ಲೈನ್ ಬಗ್ಗೆ ಮುಕ್ಕಾಲು ಗಂಟೆ ವಿವರಿಸಿದೆ. ಪ್ರತಿ ಮಾತಿಗೂ ‘ಹಾಯ್, ಹಾಯ್’ (ಜಪಾನಿಯಲ್ಲಿ ‘ಹೌದು’) ಅಂದರು. ಒಪ್ಪಿಗೆ ಸಿಕ್ಕಿತು ಅಂತ ಮೆಷಿನ್ ಸರಿಸಿದೆ. ಈಗ ‘ಯಾರನ್ನು ಕೇಳಿ ಸರಿಸಿದಿರಿ?’ ಅಂತ ಕೇಳುತ್ತಿದ್ದಾರೆ. ಇದು ಯಾವ ನ್ಯಾಯ?
— ರಾಮನಗರದ ಓದುಗರು

ಉತ್ತರ: ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳುವಾಗ ‘ಹ್ಞೂಂ’ಗುಟ್ಟುತ್ತಿದ್ದಿರಿ ತಾನೆ? ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಅಂದಾಗಲೂ ಹ್ಞೂಂ. ಅದು ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಅಂತ. ಅವರ ‘ಹಾಯ್’ ಕೂಡ ಎಷ್ಟೋ ಸಲ ಅಷ್ಟೇ. ಮಾತು ಮುಗಿದ ಮೇಲೆ ಅವರು ಸುಮ್ಮನೆ ಕೂತರು ಅನ್ನಿ, ಅಥವಾ ತಲೆ ಓರೆ ಮಾಡಿ ಹಲ್ಲಿನ ನಡುವೆ ಸ್ಸ್ ಅಂತ ಉಸಿರೆಳೆದುಕೊಂಡರು ಅನ್ನಿ, ಅಲ್ಲಿ ನಿಲ್ಲಬೇಕಿತ್ತು. ‘ಕಷ್ಟ ಇದೆ’ ಅಂದರೆ ಆಗುವುದಿಲ್ಲ ಅಂತಲೇ ತಿಳಿಯಿರಿ. ನಮ್ಮ ‘ನೋಡೋಣ’ದ ಅಣ್ಣ ಅದು!

ಟೊಯೋಟಾದವರು ಕಿರ್ಲೋಸ್ಕರ್ ಜೊತೆ ಸೇರಿ ನಿಮ್ಮ ಬಿಡದಿಯ ಕಾರು ಕಂಪನಿ ಮಾಡಿದ್ದು 1997ರಲ್ಲಿ. ಬಿಡದಿ ಕಡೆಯ ಶಾಪ್‌ಫ್ಲೋರ್‌ಗಳಲ್ಲಿ ಕೈಜೆನ್ (ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಸುಧಾರಿಸುತ್ತಲೇ ಇರುವುದು) ಅನ್ನುವ ಪದ ಈಗ ಕನ್ನಡದ ಹಾಗೇ ಓಡಾಡುತ್ತದೆ. ಆದರೆ ನಿಮಗೆ ಬೇಕಾಗಿದ್ದದ್ದು ಇನ್ನೊಂದು ಪದ, ‘ನೆಮವಾಶಿ’. ದೊಡ್ಡ ಗಿಡವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಡುವ ಮುಂಚೆ ಬೇರಿನ ಸುತ್ತ ಬಿಡಿಸಿ ಹದ ಮಾಡುತ್ತಾರಲ್ಲ, ಅದಕ್ಕೆ ಇಟ್ಟ ಹೆಸರು. ಕಚೇರಿಯಲ್ಲಿ ಅದರ ಅರ್ಥ ಏನೆಂದರೆ, ಮೀಟಿಂಗ್‌ಗೆ ಮುಂಚೆಯೇ ಸಂಬಂಧಪಟ್ಟವರನ್ನು ಒಬ್ಬೊಬ್ಬರಾಗಿ ಕಂಡು, ಅವರ ತಕರಾರು ಕೇಳಿ, ಯೋಜನೆ ತಿದ್ದಿಕೊಂಡು ಬರುವುದು. ಮೀಟಿಂಗ್ ಅನ್ನುವುದು ತೀರ್ಮಾನಕ್ಕೆ ಮೊಹರು ಒತ್ತುವ ಜಾಗ, ತೀರ್ಮಾನ ಮಾಡುವ ಜಾಗ ಅಲ್ಲ. ನಮ್ಮಲ್ಲಿ ಮದುವೆ ಮಾತುಕತೆ ಹೀಗೇ ಅಲ್ವಾ? ಎಲ್ಲರೂ ಜಮಖಾನದ ಮೇಲೆ ಕೂರುವ ಹೊತ್ತಿಗೆ ಸೋದರಮಾವಂದಿರು ಎಲ್ಲ ಮುಗಿಸಿರುತ್ತಾರೆ. ಮನೆಯಲ್ಲಿ ಬರುವ ವಿದ್ಯೆ ಫ್ಯಾಕ್ಟರಿ ಗೇಟಿನಲ್ಲಿ ಯಾಕೆ ಮರೆತುಹೋಗುತ್ತದೋ ಗೊತ್ತಿಲ್ಲ.

ಇನ್ನೊಂದು ಪದವನ್ನೂ ಇಟ್ಟುಕೊಳ್ಳಿ: ‘ಹೋರೆನ್‌ಸೋ’. ವರದಿ ಮಾಡು, ತಿಳಿಸು, ಸಲಹೆ ಕೇಳು ಅನ್ನುವ ಮೂರು ಪದಗಳ ಮೊದಲ ತುಂಡುಗಳನ್ನು ಸೇರಿಸಿ ಮಾಡಿದ್ದು. ಪಾಲಕ್ ಸೊಪ್ಪಿಗೂ ಜಪಾನಿಯಲ್ಲಿ ಅದೇ ಹೆಸರು, ಹಾಗಾಗಿ ಮರೆಯುವುದಿಲ್ಲ. ಮೆಷಿನ್ ಸರಿಸುವ ಮುಂಚೆ ‘ಸೋಮವಾರ ಸರಿಸುತ್ತಿದ್ದೇನೆ, ಹೇಳುವುದೇನಾದರೂ ಇದೆಯಾ?’ ಅಂತ ಒಂದು ಸಾಲು ಕಳಿಸಿದ್ದರೆ ಈ ಪತ್ರ ಬರೆಯುವ ಕೆಲಸ ತಪ್ಪುತ್ತಿತ್ತು. ಈಗ ಹೋಗಿ, ಅವಸರ ಮಾಡಿದೆ ಅಂತ ಒಪ್ಪಿಕೊಳ್ಳಿ. ಆಮೇಲೆ ಅವರನ್ನು ಲೈನ್ ಹತ್ತಿರವೇ ಕರೆದುಕೊಂಡು ಹೋಗಿ ತೋರಿಸಿ. ಸ್ಲೈಡ್‌ಗಿಂತ ಜಾಗಕ್ಕೇ ಹೋಗಿ ನೋಡುವುದರ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

ಪ್ರಶ್ನೆ: ಬಂಟ್ವಾಳದ ಕಡೆಯವನು, ದುಬೈನಲ್ಲಿ ಕಟ್ಟಡದ ಸೈಟ್ ಸೂಪರ್‌ವೈಸರ್. ನನ್ನ ಕೈಕೆಳಗೆ ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಕೇರಳ, ಫಿಲಿಪ್ಪೀನ್ಸ್‌ನವರಿದ್ದಾರೆ. ನಾನು ಪಕ್ಷಪಾತ ಮಾಡುತ್ತೇನೆ ಅಂತ ಫಿಲಿಪ್ಪೀನ್ಸ್‌ನವರು ದೂರು ಕೊಟ್ಟಿದ್ದಾರೆ. ದೇವರಾಣೆ ಮಾಡಿಲ್ಲ.
— ಓದುಗರು, ದುಬೈ

ಉತ್ತರ: ಮಾಡಿಲ್ಲ ಅಂತ ನಂಬುತ್ತೇನೆ. ಆದರೆ ಬೆಳಿಗ್ಗೆ ಕೆಲಸ ಹಂಚುವಾಗ ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಹಿಂದಿಯಲ್ಲಿ ತಾನೆ? ಪಾಕಿಸ್ತಾನದವರಿಗೂ ನೇಪಾಳದವರಿಗೂ ಅರ್ಥವಾಗುತ್ತದೆ, ನಡುವೆ ಒಂದು ಜೋಕ್, ಎಲ್ಲರೂ ನಗುತ್ತಾರೆ. ಆ ಕಡೆ ನಾಲ್ಕು ಜನ ಏನೂ ತಿಳಿಯದೆ ನಿಂತಿರುತ್ತಾರೆ. ಅವರ ಕಣ್ಣಿಗೆ ಅದೇ ಪಕ್ಷಪಾತ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ಬೆಳೆದವರು ನೀವು. ಪಕ್ಕದವರಿಗೆ ತಿಳಿಯದ ಭಾಷೆಗೆ ಹೊರಳಿದರೆ ಹೇಗಿರುತ್ತದೆ ಅಂತ ನಿಮಗೆ ಹೇಳಿಕೊಡಬೇಕೆ? ಕೆಲಸದ ಮಾತು ಸರಳ ಇಂಗ್ಲಿಷ್‌ನಲ್ಲಿ ಮೊದಲು, ಆಮೇಲೆ ಹಿಂದಿಯಲ್ಲಿ. ತಮಾಷೆ ಚಹಾದ ಹೊತ್ತಿಗೆ.

ಎಲ್ಲರಿಗೂ ಒಂದೇ ಇರುವ ನಿಯಮಗಳನ್ನು ಎಲ್ಲರಿಗೂ ಒಂದೇ ಥರ ನಡೆಸಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಇಲ್ಲ. ರಂಜಾನ್‌ನಲ್ಲಿ ದಿನಕ್ಕೆ ಎರಡು ಗಂಟೆ ಕಡಿತ, ಅದು ಉಪವಾಸ ಇಲ್ಲದವರಿಗೂ ಸೇರಿ. ‘ನೀನು ಉಪವಾಸ ಇಲ್ಲವಲ್ಲ, ನಿಲ್ಲು’ ಅಂದಿದ್ದರೆ ದೂರಿಗೆ ಅಲ್ಲೇ ಬೀಜ ಬಿದ್ದಿರಬಹುದು. ಫಿಲಿಪ್ಪೀನ್ಸ್‌ನವರಿಗೆ ಕ್ರಿಸ್ಮಸ್ ಸಡಗರ ಸೆಪ್ಟೆಂಬರ್‌ನಲ್ಲೇ ಶುರು. ರಜೆ ಪಟ್ಟಿ ಮಾಡುವಾಗ ಅವರನ್ನು ಕೊನೆಗೆ ಕೇಳಬೇಡಿ. ಭಾರತ–ಪಾಕಿಸ್ತಾನ ಮ್ಯಾಚ್ ದಿನ ಮಾತ್ರ ನೀವು ಪೂರ್ತಿ ಅಂಪೈರ್, ಚಪ್ಪಾಳೆ ಕೂಡ ಹೊಡೆಯಬಾರದು!

ಪ್ರಶ್ನೆ: ನಾನು ಧಾರವಾಡದವನು, ಬೆಂಗಳೂರಿನಲ್ಲಿ ಮ್ಯಾನೇಜರ್. ನನ್ನ ಮಾತು ಒರಟು ಅಂತ ಇಲ್ಲಿನ ಹುಡುಗಿಯರು ಹೇಳಿದರಂತೆ. ವಿದೇಶದವರ ಮಾತು ಬಿಡಿ, ನಮ್ಮ ರಾಜ್ಯದೊಳಗೇ ಹೀಗಾದರೆ?
— ಓದುಗರು, ಜಯನಗರ

ಉತ್ತರ: ನಿಮ್ಮ ‘ಏನವಾ, ಮುಗಿಸಿದಿ ಇಲ್ಲೋ?’ ಅನ್ನುವುದರಲ್ಲಿ ಇರುವ ಅಕ್ಕರೆ ಈ ಕಡೆಯ ಕಿವಿಗೆ ಬೀಳುವುದಿಲ್ಲ, ‘ಮುಗಿಸಿದಿ ಇಲ್ಲೋ’ ಮಾತ್ರ ಬೀಳುತ್ತದೆ. ನೀವು ಮಾತು ಬದಲಿಸಬೇಕಾಗಿಲ್ಲ. ‘ನಮ್ಮ ಕಡೆ ಹೀಗೆ ಮಾತಾಡುತ್ತೇವೆ, ಸಿಟ್ಟು ಬಂದಿದ್ದರೆ ನಾನೇ ಸಿಟ್ಟು ಬಂದಿದೆ ಅನ್ನುತ್ತೇನೆ’ ಅಂತ ಒಂದು ಸಲ ಹೇಳಿಬಿಡಿ. ಅಂದಹಾಗೆ, ನೀವು ಮೊದಲ ಪತ್ರ ಬರೆದವರ ಸ್ಟುಟ್‌ಗಾರ್ಟ್‌ ಟೀಮಿಗೆ ಭಾಳ ಉಪಯೋಗಕ್ಕೆ ಬರುತ್ತಿದ್ದಿರಿ!

ಪ್ರಶ್ನೆ: ನಮ್ಮ ಬಾಸ್ ಇರುವುದು ಮ್ಯೂನಿಕ್‌ನಲ್ಲಿ. ರಾಜ್ಯೋತ್ಸವಕ್ಕೆ ರಜೆ ಕೇಳಬೇಕು, ಅದೇನು ಅಂತ ಅವರಿಗೆ ಹೇಗೆ ವಿವರಿಸಲಿ?
— ಓದುಗರು, ಮೈಸೂರು

ಉತ್ತರ: ಕೇಳುವುದೇ ಬೇಡ. ನವೆಂಬರ್ 1 ಅವರಿಗೆ ಎಲ್ಲ ಸಂತರ ಹಬ್ಬ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಸರ್ಕಾರಿ ರಜೆ. ಅವರ ಬರ್ಲಿನ್ ಕಚೇರಿಯಿಂದ ಫೋನ್ ಬಂದರೆ ಮಾತ್ರ ಕಷ್ಟ, ಅಲ್ಲಿ ರಜೆ ಇಲ್ಲ.