ಅಜ್ಜನ ಯಾಶಿಕಾ ಮಾರಿ ಹ್ಯಾಸೆಲ್‌ಬ್ಲಾಡ್ ಕೊಳ್ಳಬೇಕೆ?: ಸಂಪಾದಕರ ಉತ್ತರ

ಇಳಕಲ್ಲಿನ ಓದುಗ ಮಿತ್ರರೇ,

ಸ್ಟುಡಿಯೋದಲ್ಲಿ ನಿಮ್ಮ ಅಜ್ಜ ಬಳಸುತ್ತಿದ್ದ ಯಾಶಿಕಾ ಮ್ಯಾಟ್-124ಜಿ ಕ್ಯಾಮೆರಾ ಇಪ್ಪತ್ತು ವರ್ಷಗಳಿಂದ ಕಪಾಟಿನಲ್ಲಿದೆಯೆಂದೂ, ಅದನ್ನು ಮಾರಿ, ಮೇಲೆ ಕೈಯಿಂದ ಹಣ ಹಾಕಿ ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಕೊಂಡು ನಿಮ್ಮೂರಿನ ಕುಣಿಮಗ್ಗದ ನೇಕಾರರನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸುವ ಆಸೆಯಿದೆಯೆಂದೂ ಬರೆದಿದ್ದೀರಿ. ಮಧ್ಯಮ ಅಳತೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ನಿಜವಾಗಿ ಯಾವುದಕ್ಕೆ ಬೆಲೆಯಿದೆ ಎಂಬುದು ನಿಮ್ಮ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಾಶಿಕಾವನ್ನು ಮಾರಬೇಡಿ.

ನೀವು ಹೆಸರಿಸಿದ ಎರಡೂ ಕ್ಯಾಮೆರಾಗಳಿಗೆ ಹಾಕುವುದು ಒಂದೇ ಫಿಲ್ಮು, 1901ರಲ್ಲಿ ಕೊಡಾಕ್ ಸಂಸ್ಥೆ ಹೊರತಂದ 120 ರೋಲು. ಎರಡರಲ್ಲಿಯೂ ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳು ಬರುತ್ತವೆ. ಆರು ಸೆಂಟಿಮೀಟರ್ ಎಂದು ಕರೆದರೂ ಚೌಕದ ನಿಜವಾದ ಬದಿ ಸುಮಾರು 56 ಮಿಲಿಮೀಟರ್. ಅದರ ವಿಸ್ತೀರ್ಣ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ದೊಡ್ಡ ಪ್ರಿಂಟಿನಲ್ಲಿ ನೂಲಿನ ಎಳೆ ಎಳೆಯೂ ಕಾಣುವುದಕ್ಕೆ ಮುಖ್ಯ ಕಾರಣ ಈ ವಿಸ್ತೀರ್ಣವೇ, ಮತ್ತು ಅದು ಈಗಾಗಲೇ ನಿಮ್ಮ ಕಪಾಟಿನಲ್ಲಿದೆ. ಲೆನ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ಯಾಶಿಕಾದ ಯಾಶಿನಾನ್ ನಾಲ್ಕು ಗಾಜುಗಳ ಸರಳ ರಚನೆಯಾದ್ದರಿಂದ ಬೆಳಕು ಬಿಡುವ ರಂಧ್ರವನ್ನು ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ಮೆತ್ತಗಾಗುತ್ತವೆ. ಹ್ಯಾಸೆಲ್‌ಬ್ಲಾಡಿನ ಝೈಸ್ ಪ್ಲಾನಾರ್ ಅಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಆ ರಂಧ್ರವನ್ನು ಕಿರಿದಾಗಿಸಿ ಎಫ್/8 ಅಥವಾ ಎಫ್/11ಕ್ಕೆ ಬಂದರೆ ಎರಡರ ಪ್ರಿಂಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಇದು ಯಾವುದರದೆಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ.

ಹಾಗಾದರೆ ಹ್ಯಾಸೆಲ್‌ಬ್ಲಾಡಿನ ಬೆಲೆ ಯಾವುದಕ್ಕೆ? 1957ರಲ್ಲಿ ಬಂದ 500ಸಿ ಮಾದರಿಯಿಂದಲೂ ಅದು ಬಿಡಿ ಭಾಗಗಳಾಗಿ ಕಳಚಿ ಜೋಡಿಸಬಹುದಾದ ಕ್ಯಾಮೆರಾ: ಲೆನ್ಸು ಬೇರೆ, ಫಿಲ್ಮಿನ ಡಬ್ಬಿ ಬೇರೆ, ನೋಡುವ ಕಿಟಕಿ ಬೇರೆ. ರೋಲಿನ ನಡುವೆಯೇ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಹೋಗಿ ಮತ್ತೆ ಮರಳಬಹುದು. ಒಂದೇ ದಿನ ಹತ್ತು ಬಗೆಯ ಕೆಲಸ ಮಾಡುವ ವೃತ್ತಿಪರರಿಗೆ ಇದು ದೊಡ್ಡ ಅನುಕೂಲ, ಮತ್ತು ತನಗಿರುವ ಗೌರವಕ್ಕೆ ಅದು ಅರ್ಹವೂ ಹೌದು. ಉಳಿದದ್ದು 1969ರಲ್ಲಿ ಗಗನಯಾತ್ರಿಗಳೊಂದಿಗೆ ಚಂದ್ರನ ಮೇಲಿಳಿದ ಹೆಸರಿಗೆ ತೆರುವ ಹಣ.

ಈಗ ನಿಮ್ಮ ಮಗ್ಗದ ಮನೆಗೆ ಬರೋಣ, ಏಕೆಂದರೆ ಕ್ಯಾಮೆರಾದ ಸ್ವಭಾವ ತಿಳಿಯುವುದು ಅದನ್ನು ಹಿಡಿದು ನಿಂತ ಜಾಗದಲ್ಲಿ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರ ಮುಖ ನೆಲದಿಂದ ಹೆಚ್ಚು ಎತ್ತರದಲ್ಲಿರುವುದಿಲ್ಲ. ನಿಂತು ಕಣ್ಣಿಗೆ ಹಿಡಿಯುವ ಕ್ಯಾಮೆರಾದಲ್ಲಿ ಅವರ ನೆತ್ತಿಯೇ ಚಿತ್ರವಾಗುತ್ತದೆ. ಯಾಶಿಕಾವನ್ನು ಹಿಡಿದು ಅವರೆದುರು ನೆಲದ ಮೇಲೆ ಕುಳಿತು, ತಲೆ ಬಗ್ಗಿಸಿ ಮೇಲಿನ ಗಾಜಿನ ಪರದೆಯನ್ನು ನೋಡಿದರೆ ಲೆನ್ಸು ನೇಕಾರರ ಮುಖದ ಮಟ್ಟಕ್ಕೆ ಬರುತ್ತದೆ. ಪರದೆಯಲ್ಲಿ ಎಡ-ಬಲ ತಿರುಗುಮುರುಗಾಗಿ ಕಾಣುವುದಕ್ಕೆ ಮಾತ್ರ ಒಂದೆರಡು ವಾರ ಅಭ್ಯಾಸ ಬೇಕು. ಹ್ಯಾಸೆಲ್‌ಬ್ಲಾಡನ್ನೂ ಹೀಗೆಯೇ ನೋಡಬಹುದು. ಆದರೆ ಗುಂಡಿ ಒತ್ತಿದ ಕ್ಷಣ ಅದರ ಕನ್ನಡಿ ಸದ್ದು ಮಾಡುತ್ತ ಮೇಲೇಳುತ್ತದೆ ಮತ್ತು ಮುಂದಿನ ಚಿತ್ರಕ್ಕೆ ಫಿಲ್ಮು ಸುತ್ತುವವರೆಗೂ ಪರದೆ ಕತ್ತಲಾಗಿಯೇ ಇರುತ್ತದೆ. ಎರಡು ಕಣ್ಣಿನ ಯಾಶಿಕಾದಲ್ಲಿ ನೋಡುವ ಲೆನ್ಸು ಬೇರೆಯಾಗಿರುವುದರಿಂದ, ಶಟರ್ ತೆರೆದ ಆ ಗಳಿಗೆಯಲ್ಲಿ ಲಾಳಿ ಎಲ್ಲಿತ್ತೆಂಬುದು ನಿಮಗೆ ಕಂಡೇ ತೀರುತ್ತದೆ. ಬಡಿಯುವ ಕನ್ನಡಿ ಇಲ್ಲದ ಕಾರಣ ಮಂದ ಬೆಳಕಿನಲ್ಲಿ ಸೆಕೆಂಡಿನ 30ನೇ ಒಂದು ಭಾಗದ ವೇಗವನ್ನೂ ಕೈಯಲ್ಲೇ ಹಿಡಿದು ನಿಭಾಯಿಸಬಹುದು. ನಿಮ್ಮ ಕೆಲಸಕ್ಕೆ ಈ ಗುಣಕ್ಕಿಂತ ದೊಡ್ಡದು ನನಗೆ ತೋರುವುದಿಲ್ಲ.

ಯಾಶಿಕಾ ಸೋಲುವುದು ಹತ್ತಿರದ ಚಿತ್ರದಲ್ಲಿ. ಸುಮಾರು ಒಂದು ಮೀಟರಿಗಿಂತ ಹತ್ತಿರಕ್ಕೆ ಅದರ ಫೋಕಸ್ ಸಿಗದು. ಸೀರೆಯ ಒಡಲಿನ ಹಾಸನ್ನು (ಉದ್ದನೆಯ ಎಳೆಗಳನ್ನು) ಸೆರಗಿನ ಹಾಸಿಗೆ ಕೊಂಡಿ ಹಾಕಿ ಸೇರಿಸುವ ಬೆರಳುಗಳನ್ನು ಚೌಕದ ತುಂಬ ತುಂಬಿಸಲು ಆಗುವುದಿಲ್ಲ. ಆದರೆ ಹ್ಯಾಸೆಲ್‌ಬ್ಲಾಡಿನ 80 ಮಿಲಿಮೀಟರ್ ಪ್ಲಾನಾರ್ ಕೂಡ ಬೇರೆ ಜೋಡಣೆಯಿಲ್ಲದೆ 0.9 ಮೀಟರಿನಲ್ಲೇ ನಿಲ್ಲುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ವಿಚಾರಿಸುವುದಿಲ್ಲ. ಈ ಕೊರತೆ ಕಾಡಿದರೆ ಮಾಮಿಯಾ ಸಿ330 ನೋಡಿ. ಅದೂ ಎರಡು ಕಣ್ಣಿನದೇ, ಲೆನ್ಸು ಬದಲಿಸಬಹುದು, ಹಿಗ್ಗಿ ಕುಗ್ಗುವ ಮಡಿಕೆಯ ಬೆಲ್ಲೋಸ್ ಇರುವುದರಿಂದ ಅರ್ಧ ಮೀಟರಿಗಿಂತಲೂ ಹತ್ತಿರ ಹೋಗಬಹುದು. ಮೇಲಿನ ಕಣ್ಣು ಕಂಡದ್ದಕ್ಕೂ ಕೆಳಗಿನ ಕಣ್ಣು ಹಿಡಿದದ್ದಕ್ಕೂ ಇರುವ ಅಂತರವನ್ನು ಮಾತ್ರ ಪ್ರತಿಸಲ ಸರಿದೂಗಿಸಿಕೊಳ್ಳಬೇಕು. ಕೊಟ್ಟ ಹಣಕ್ಕೆ ಇಷ್ಟು ದುಡಿಯುವ ಮತ್ತೊಂದು ಕ್ಯಾಮೆರಾ ನನ್ನ ಅನುಭವದಲ್ಲಿಲ್ಲ. ಮಾಮಿಯಾ ಆರ್‌ಬಿ67 ಅದ್ಭುತವಾದರೂ ಲೆನ್ಸು ಸಹಿತ ಎರಡೂವರೆ ಕಿಲೋ ಮೀರುತ್ತದೆ; ಅದು ಸ್ಟ್ಯಾಂಡಿನ ಮೇಲೆ ಇರಬೇಕಾದದ್ದು. ಪೆಂಟಾಕ್ಸ್ 6x7ರಲ್ಲಿ ಶಟರಿನೊಂದಿಗೆ ಫ್ಲ್ಯಾಶ್ ಹೊಂದುವುದು ಸೆಕೆಂಡಿನ 30ನೇ ಒಂದು ಭಾಗದ ವೇಗದವರೆಗೆ ಮಾತ್ರ. ನಮ್ಮ ನಡು ಮಧ್ಯಾಹ್ನದ ಬಿಸಿಲಿನಲ್ಲಿ ರುಮಾಲಿನ ನೆರಳಿಗೆ ಸಿಕ್ಕ ಕಣ್ಣುಗಳನ್ನು ಫ್ಲ್ಯಾಶಿನಿಂದ ಬೆಳಗಿಸಬೇಕೆಂದರೆ ಆ ವೇಗ ಸಾಲದು. ನಿಮ್ಮ ಯಾಶಿಕಾ 500ನೇ ಒಂದು ಭಾಗದಲ್ಲಿಯೂ ಈ ಕೆಲಸ ಮಾಡುತ್ತದೆ.

ರಿಪೇರಿಗೆ ಕೊಡುವ ಮೊದಲು ಲೆನ್ಸಿನ ಮೂಲಕ ಟಾರ್ಚ್ ಬಿಟ್ಟು ನೋಡಿ. ಬೆಳಗಾವಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಇಟ್ಟಿದ್ದ ನನ್ನ ಒಂದು ಒಳ್ಳೆಯ ಲೆನ್ಸು ಬೂಷ್ಟು ಹಿಡಿದು ಹಾಳಾಯಿತು; ನಿಮ್ಮ ಕಡೆಯ ಒಣ ಹವೆ ಅದನ್ನು ಕಾಪಾಡಿರುವ ಸಂಭವವಿದೆ. ಒಂದು ಸೆಕೆಂಡಿನ ವೇಗದಲ್ಲಿ ಶಟರ್ ತಡವರಿಸಿದರೆ ಅದು ಒಣಗಿದ ಎಣ್ಣೆಯ ದೋಷ, ಸರ್ವಿಸ್ ಮಾಡಿಸಿದರೆ ಹೋಗುತ್ತದೆ. ಬೆಳಕಿನ ಮೀಟರನ್ನು ನಂಬಬೇಡಿ. ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ಲು ಈಗ ತಯಾರಾಗುವುದಿಲ್ಲ.

ಇನ್ನೊಂದು ಮಾತು. ಹಿಂಬಾಗಿಲನ್ನು ಮಾತ್ರ ಅವಸರದಿಂದ ತೆರೆಯಬೇಡಿ. ಚಿತ್ರದ ಎಣಿಕೆ ತೋರಿಸುವ ಪುಟ್ಟ ಕಿಟಕಿಯಲ್ಲಿ 1ರಿಂದ 12ರೊಳಗಿನ ಅಂಕಿ ನಿಂತಿದ್ದರೆ ಒಳಗೆ ಅಜ್ಜ ಹಾಕಿದ ರೋಲು ಇನ್ನೂ ಇರಬಹುದು. ಲೆನ್ಸಿಗೆ ಮುಚ್ಚಳ ಹಾಕಿ, ಒಂದೊಂದೇ ಸಲ ಶಟರ್ ಒತ್ತಿ ಫಿಲ್ಮನ್ನು ಕೊನೆಯವರೆಗೂ ಸುತ್ತಿ, ಕತ್ತಲೆ ಕೋಣೆಯಲ್ಲಿ ಹೊರತೆಗೆದು, ಹಳೆಯ ಫಿಲ್ಮೆಂದು ಹೇಳಿಯೇ ತೊಳೆಯಲು ಕೊಡಿ.