ಟರ್ಕಿ ಕೋಳಿಯ ಐಸ್ ಬಿಡಿಸಲು ಅಡುಗೆಮನೆ ಕೌಂಟರ್ ಜಾಗವಲ್ಲ

ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವುದು ನವೆಂಬರಿನ ನಾಲ್ಕನೇ ಗುರುವಾರ. ಅಂದಿನ ಊಟಕ್ಕೆ ಇಡೀ ಟರ್ಕಿ ಕೋಳಿ ಬೇಯಿಸುತ್ತಾರೆ. ಅಲ್ಲಿರುವ ನಮ್ಮವರ ಪ್ರಶ್ನೆಗಳು ಪ್ರತಿ ವರ್ಷ ಬುಧವಾರ ಸಂಜೆ ಬರುತ್ತವೆ. ಅಷ್ಟು ಹೊತ್ತಿಗೆ ಹೇಳಿ ಪ್ರಯೋಜನ ಕಡಿಮೆ. ಹಾಗಾಗಿ ಈ ಸಲ ಮೊದಲೇ ಬರೆಯುತ್ತಿದ್ದೇನೆ.

ಓದುಗರೊಬ್ಬರ ಪ್ರಶ್ನೆ: 14 ಪೌಂಡಿನ ಫ್ರೋಜನ್ ಟರ್ಕಿ ತಂದಿದ್ದೇವೆ. ಹಿಂದಿನ ರಾತ್ರಿ ಕೌಂಟರ್ ಮೇಲಿಟ್ಟರೆ ಬೆಳಗ್ಗೆ ಐಸ್ ಬಿಟ್ಟಿರುತ್ತೆ ಅಲ್ವಾ? ಊರಲ್ಲಿ ಅಮ್ಮ ಕೋಳಿಯನ್ನು ಯಾವತ್ತೂ ಫ್ರಿಜ್‌ನಲ್ಲಿ ಇಟ್ಟವರಲ್ಲ. ಹೇಗೂ ಚೆನ್ನಾಗಿ ಬೇಯಿಸ್ತೀವಿ.

ಇಡಬೇಡಿ. ನಿಮ್ಮ ಅಮ್ಮ ಮಾಡಿದ್ದು ಸರಿಯೇ. ಬೆಳಗ್ಗೆ ಕುಯ್ಯಿಸಿ ತಂದ ಕೋಳಿ ಮಧ್ಯಾಹ್ನದೊಳಗೆ ಸಾರಾಗುತ್ತಿತ್ತು. ನಿಮ್ಮ ಹತ್ತಿರ ಇರುವುದು ಆರು ಕಿಲೋಗೂ ಜಾಸ್ತಿ ತೂಕದ ಇಡೀ ಹಕ್ಕಿ. ಅದರ ಚರ್ಮ ಬೆಚ್ಚಗಾದಾಗಲೂ ಮೂಳೆಯ ಹತ್ತಿರ ಇನ್ನೂ ಮಂಜುಗಡ್ಡೆಯೇ ಇರುತ್ತದೆ. ಒಳಗೆ ಕರಗುವವರೆಗೆ ಕಾಯುತ್ತಾ ಕೂತರೆ, ಹೊರಭಾಗದಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾ ಹೆಚ್ಚುತ್ತಿರುತ್ತವೆ. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಅವು ಬೇಗ ಬೆಳೆಯುತ್ತವೆ. ಹಸಿ ಮಾಂಸ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು ಅನ್ನುವುದು ಅದಕ್ಕೇ.

'ಹೇಗೂ ಬೇಯಿಸ್ತೀವಿ' ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಂದರೆ ಸಾಯುತ್ತದೆ, ಒಪ್ಪಿದೆ. ಆದರೆ ನಮ್ಮ ಕೈಯಿಂದ, ಮೂಗಿನಿಂದ ಮಾಂಸಕ್ಕೆ ಅಂಟುವ ಸ್ಟೆಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತಾ ವಿಷ ಬಿಡುತ್ತದೆ. ಓವನ್ನಿನ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಹಾಗೇ ಉಳಿಯುತ್ತದೆ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ, ಬಸುರಿ ಸೊಸೆ, ಪುಟ್ಟ ಮಕ್ಕಳು ಅದೇ ಊಟಕ್ಕೆ ಕೂತಿರುತ್ತಾರೆ ಅನ್ನುವುದು ನೆನಪಿರಲಿ.

ಸರಿಯಾದ ದಾರಿ ಫ್ರಿಜ್. ನಾಲ್ಕೈದು ಪೌಂಡಿಗೆ ಒಂದು ದಿನ ಅಂತ ಲೆಕ್ಕ. ನಿಮ್ಮದಕ್ಕೆ ಮೂರು, ನಾಲ್ಕು ದಿನ ಬೇಕು. ಹಬ್ಬದ ವಾರ ಫ್ರಿಜ್ ಕಿಕ್ಕಿರಿದಿರುತ್ತದೆ, ಬಾಗಿಲು ತೆಗೆದೂ ಹಾಕಿಯೂ ನಡೆದಿರುತ್ತದೆ. ಹಾಗಾಗಿ ನಾನಂತೂ ಭಾನುವಾರ ಬೆಳಗ್ಗೆಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ ಅನ್ನುತ್ತೇನೆ. ಪ್ಯಾಕೆಟ್ ಬಿಚ್ಚಬೇಡಿ. ಅಂಚು ಎತ್ತರವಿರುವ ತಟ್ಟೆಯಲ್ಲಿಟ್ಟು ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿಡಿ. ಅಲ್ಲಿರುವ ದೋಸೆಹಿಟ್ಟಿನ ಪಾತ್ರೆ, ಕೊತ್ತಂಬರಿ ಸೊಪ್ಪು ಮೇಲಕ್ಕೆ ಹೋಗಲಿ. ಸೋರುವ ರಕ್ತದ ನೀರು ಅವುಗಳ ಮೇಲೆ ಬೀಳಬಾರದು. ಕರಗಿದ ಮೇಲೂ ಫ್ರಿಜ್‌ನಲ್ಲಿ ಒಂದೆರಡು ದಿನ ಇರಬಹುದು, ಆದ್ದರಿಂದ ಬೇಗ ಇಳಿಸಿದರೆ ನಷ್ಟವಿಲ್ಲ.

ಮರೆತಿರಾ? ತಣ್ಣೀರಿನ ದಾರಿ ಇದೆ. ಸೋರದ ಕವರಿನಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ಪ್ರತಿ ಅರ್ಧ ಗಂಟೆಗೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆಯಂತೆ 14 ಪೌಂಡಿಗೆ ಏಳು ಗಂಟೆ. ಆಮೇಲೆ ತಡಮಾಡದೆ ಬೇಯಿಸಲೇಬೇಕು. ಕರಗಿದೆಯೋ ಇಲ್ಲವೋ ನೋಡಲು ಹೊಟ್ಟೆಯೊಳಗೆ ಕೈ ಹಾಕಿ. ಕತ್ತು, ಗುಂಡಿಗೆ, ಈಲಿ ಇರುವ ಚೀಲ ಒಳಗೆ ಅಂಟಿಕೊಂಡಿದ್ದರೆ ಇನ್ನೂ ಐಸ್ ಇದೆ ಅಂತ ಅರ್ಥ.

ಬಿಸಿನೀರಿನಲ್ಲಿ ಬೇಗ ಕರಗಿಸುವ ವಿಡಿಯೋ ಕಳಿಸಿದವರಿಗೆ: ಅದೂ ಕೌಂಟರಿನ ತಪ್ಪೇ, ಇನ್ನೂ ಜೋರಾಗಿ.

ದೋಸೆಹಿಟ್ಟು ರಾತ್ರಿಯಿಡೀ ಹೊರಗಿರುತ್ತಲ್ಲ?

ಅದು ಹುಳಿ ಬರುತ್ತದೆ. ಆ ಹುಳಿಯೇ ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಮಾಂಸಕ್ಕೆ ಅಂಥ ಕಾವಲಿಲ್ಲ.

ಅರಿಶಿನ, ಉಪ್ಪು ಹಚ್ಚಿಟ್ಟರೆ?

ರುಚಿಗೆ ಹಚ್ಚಿ. ರಕ್ಷಣೆಗೆ ಅಂತ ಹೇಳಿಕೊಡುವವರ ಮಾತು ಕೇಳಬೇಡಿ.

ತೊಳೆಯದೆ ಹೇಗೆ ಬೇಯಿಸೋದು, ಹೇಸಿಗೆ ಅಲ್ವಾ?

ತೊಳೆದರೆ ಸಿಂಕಿನ ಸುತ್ತೆಲ್ಲ ಹಸಿ ಮಾಂಸದ ನೀರು ಸಿಡಿಯುತ್ತದೆ, ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿಗೂ. ತೊಳೆಯಬೇಡಿ.

ಚಳಿಯಲ್ಲಿ ಗ್ಯಾರೇಜಿನಲ್ಲಿಡಬಹುದಾ?

ಬೇಡ.

ಗುರುವಾರ ಬೆಳಗ್ಗೆಯೂ ಒಳಗೆ ಐಸ್ ಇದ್ದರೆ ಎಸೆಯಬೇಕಾ?

ಎಸೆಯಬೇಡಿ. ಹಾಗೇ ಓವನ್ನಿಗೆ ಹಾಕಬಹುದು, 325 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇಡಬೇಡಿ. ಪೂರ್ತಿ ಗಟ್ಟಿಯಾಗಿದ್ದರೆ ಕನಿಷ್ಠ ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ಚೀಲ ಸಡಿಲವಾದ ಮೇಲೆ ಹೊರಗೆಳೆಯಿರಿ. ಆದರೆ ಐಸ್ ಇರುವ ಟರ್ಕಿಯನ್ನು ಕಾದ ಎಣ್ಣೆಗೆ ಯಾವ ಕಾರಣಕ್ಕೂ ಇಳಿಸಬೇಡಿ. ನೀರು ಕೂಡಲೇ ಆವಿಯಾಗಿ ಎಣ್ಣೆ ಉಕ್ಕಿ ಬೆಂಕಿ ಹಿಡಿಯುತ್ತದೆ. ಥರ್ಮಾಮೀಟರನ್ನು ಎದೆ, ತೊಡೆ, ರೆಕ್ಕೆಯ ದಪ್ಪ ಭಾಗಕ್ಕೆ ಚುಚ್ಚಿ ನೋಡಿ. ಮೂರು ಕಡೆಯೂ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ನೆಂಟರು ಹಸಿದಿದ್ದರೆ ಅಲ್ಲಿಯವರೆಗೆ ಚಿತ್ರಾನ್ನ ಬಡಿಸಿ.